ಪಾಸೌ ದಡದ ಅಕ್ಕತಂಗಿಯರು

ಪಾಸೌ ಊರಿನ ಡ್ಯಾನ್ಯೂಬ್ ನದಿಯ ದಡದಲ್ಲಿ ಹಡಗು ಹತ್ತಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಇಬ್ಬರು ಅಕ್ಕತಂಗಿಯರು. ಎಂಬತ್ತು ದಾಟಿದ ಅಕ್ಕ ಇರ್ಮ್‌ಗಾರ್ಡ್ ಕೈಚೀಲದ ಜಿಪ್ಪನ್ನು ತೆರೆಯುತ್ತ, ಮುಚ್ಚುತ್ತ ಚಡಪಡಿಸುತ್ತಿದ್ದರು. ತಂಗಿ ಗುಡ್ರುನ್ ಇಬ್ಬರ ಟಿಕೆಟ್ಟನ್ನೂ ಹಿಡಿದಿದ್ದರು.

“ಲಿಫ್ಟ್ ಇದೆಯೇನೇ?”

“ಇದೆ ಅಕ್ಕ. ಮೇಲಿನ ತಾರಸಿಗೆ ಮಾತ್ರ ಮೆಟ್ಟಿಲು ಹತ್ಬೇಕು.”

“ಹೊಳೇಲಿ ನೀರು ಕಮ್ಮಿಯಾದ್ರೆ?”

“ಬಸ್ಸಲ್ಲಿ ಕರ್ಕೊಂಡು ಹೋಗ್ತಾರೆ.”

“ಬಸ್ಸು ನಮ್ಮನೆ ಮುಂದೇನೇ ಬರುತ್ತೆ. ಕೋಣೆ ಎಷ್ಟು ದೊಡ್ಡದು?”

“ಒಬ್ರು ಬಟ್ಟೆ ಹಾಕ್ಕೊಳ್ಳೋವಾಗ ಇನ್ನೊಬ್ರು ಮಂಚ ಹತ್ತಿ ಕೂತಿರ್ಬೇಕು.”

“ನೀನು ಗೊರಕೆ ಹೊಡೀತೀಯ.”

“ನೀನು ನಿದ್ದೇಲಿ ಬೈತೀಯ. ಸರಿಹೋಯ್ತಲ್ಲ!”

ಸಾಲು ಮುಂದೆ ಸರಿಯಿತು. ಇರ್ಮ್‌ಗಾರ್ಡ್ ಮಾತ್ರ ಕದಲಲಿಲ್ಲ.

“ವಾಪಸ್ ಹೋಗೋಣ ಕಣೇ. ಹೋದ ತಿಂಗಳು ನಮ್ಮ ಬೀದೀಲೇ ದಾರಿ ತಪ್ಪಿದ್ದೆ, ಪೊಲೀಸ್ನೋರು ಮನೆಗೆ ಬಿಟ್ರು. ಗೊತ್ತಿಲ್ದಿರೋ ಜಾಗದಲ್ಲಿ ನನ್ನ ಗತಿ ಏನು?”

ಗುಡ್ರುನ್ ಎರಡು ಹೆಜ್ಜೆ ಹಿಂದೆ ಬಂದು ಅಕ್ಕನ ಪಕ್ಕ ನಿಂತರು.

“ಮೂರು ಸಾವಿರ ಜನ ಹಿಡಿಸೋ ಹಡಗಿಗೆ ಹೋಗಿ ಅಂದ ನನ್ನ ಮಗ. ನಾನೇ ಬೇಡ ಅಂದೆ. ಇದರಲ್ಲಿ ಇರೋದು ನೂರು ಜನ, ಮೂರು ಅಂತಸ್ತು. ನೀನು ಎಲ್ಲಿ ಹೋದ್ರೂ ಹತ್ತು ನಿಮಿಷದಲ್ಲಿ ಹುಡುಕ್ತೀನಿ.”

“ಊರು ನೋಡಕ್ಕೆ ಇಳಿದಾಗ?”

“ನಿನ್ನ ಕೈ ಬಿಡಲ್ಲ.”

“ಎಲ್ರೂ ನೋಡ್ತಾರೆ.”

“ನೋಡ್ಲಿ. ಕಾಲು ನೋವಿರೋದು ನಂಗೆ ಅಂದ್ಕೋತಾರೆ.”

ಇರ್ಮ್‌ಗಾರ್ಡ್ ತಂಗಿಯ ಮುಖವನ್ನೇ ಒಂದು ಗಳಿಗೆ ನೋಡಿ ಕೈ ಚಾಚಿದರು. ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಗುಡ್ರುನ್, ಅಕ್ಕನ ಕೈ ಹಿಡಿದು, ಕುಂಟುತ್ತ ಕುಂಟುತ್ತ ಹಲಗೆ ದಾಟಿ ಹಡಗಿನೊಳಗೆ ಹೋದರು.