ವಿಭೂತಿ ಹಚ್ಚಿದ ಗೆರಿ

ನಂಬದವರು ಈಗೇ ಎದ್ದು ಹೋಗ್ರಿ, ನನಗೇನೂ ಬ್ಯಾಸರ ಇಲ್ಲ. ಇದು ನಮ್ಮ ಕಾಕಾನ ಮಗ ವೈಜನಾಥಗ ಆಗಿದ್ದು. ಹೋದ ಮೇ ತಿಂಗಳ ಮಾತು.

ವೈಜನಾಥ ಮನಿ ಮಾರಿಸಿಕೊಡೋ ದಲಾಲ. ಮೂಸಿ ಹೊಳಿ ದಂಡಿಗೆ, ತೀರಿಕೊಂಡ ಮಲ್ಲಪ್ಪನವರ ಮನಿ ಮಾರಾಕಿತ್ತು. ಅವರ ಹೆಂಡತಿ ಸುವರ್ಣಾ ಲಿಂಗಂಪಲ್ಲಿಗೆ ಮಗಳ ಹತ್ರ ಹೋಗುವಾಗ ಕೀಲಿ ಇವನ ಕೈಯಾಗ ಕೊಟ್ಟಿದ್ರು. "ಗೆರಿ ತೋರಿಸಿ ರೇಟ್ ಹೇಳಪ್ಪ. ಮುಚ್ಚಿಟ್ಟು ಮಾರಬ್ಯಾಡ" ಅಂದಿದ್ರು.

ಯಾವ ಗೆರಿ? ಎರಡು ಸಾವಿರದ ಇಪ್ಪತ್ತರ ಅಕ್ಟೋಬರ್ ಮಳ್ಯಾಗ ಮೂಸಿ ಆ ಮನಿಯೊಳಗ ಬಂದಿತ್ತು. ನೀರು ಇಳಿದ ಮ್ಯಾಲ ಮಲ್ಲಪ್ಪನವರು, ನೀರು ನಿಂತಿದ್ದ ಮಟ್ಟಕ್ಕ ಬಾಗಿಲ ಚೌಕಟ್ಟಿಗೆ ಮೊಳಿಲೆ ಗೆರಿ ಕೊರದು, ವಿಭೂತಿ ಹಚ್ಚಿ, "ಗಂಗವ್ವಾ, ಇಲ್ಲಿಗೆ ಸಾಕು" ಅಂತ ಕೈ ಮುಗಿದಿದ್ರು. ಸಾಯೋ ತನಕ ದಿನಾ ಪೂಜಿ ಆದ ಮ್ಯಾಲ ಆ ಗೆರಿಗೂ ವಿಭೂತಿ ಹಚ್ಚತಿದ್ರು.

ಆ ಮನಿ ತಗೊಳ್ಳಾಕ ಹೊಂಟವ ಯಾರು? ನಾನು! ಮೂವತ್ತು ವರ್ಷದ ಪಿಎಫ್ ಎಲ್ಲಾ ಸುರದು. ಫೋಟೋ ನೋಡೇ ಕೆಳಗಿನ ಖೋಲಿ ನಮ್ಮವ್ವಗ ಅಂತ ಗೊತ್ತು ಮಾಡಿದ್ದೆ. ಅಕೀಗೆ ಹಾಸಗಿ ಬಿಟ್ಟು ಏಳಾಕ ಆಗೂದಿಲ್ಲ.

"ನೀರು ಹೊಸ್ತಿಲಾ ಸೈತ ದಾಟಿಲ್ಲ ಅಣ್ಣಾ. ಅರವತ್ತೈದು ಲಕ್ಷ. ನೀ ಅಂತ ಈ ರೇಟ್" ಅಂದ ವೈಜನಾಥ. ನಮ್ಮವ್ವನ ಕೈಲೆ ಉಂಡು ಬೆಳದವ. ನಂಬಿದೆ.

ಮರುದಿನ ಮುಂಜಾನೆ ನಾನು ಮನಿ ನೋಡಿ ಮುಂಗಡ ಕೊಡೋದಿತ್ತು. ಹಿಂದಿನ ರಾತ್ರಿ ಇವ ಒಬ್ಬನೇ ಹೋಗಿ, ಗೆರ್ಯಾಗ ಬಿರುಕು ಮುಚ್ಚೋ ಪುಟ್ಟಿ ತುಂಬಿ ಮ್ಯಾಲ ಬಣ್ಣ ಬಳದ. ಹೊರಬಿದ್ದಾಗ ಹನ್ನೊಂದೂವರಿ. ಕಾಲನಿ ಕಡೀಗೆ ಒಂದು ಹಾಳು ಬಾವಿ ಐತಿ, ಕಬ್ಬಿಣದ ಜಾಳಗಿ ಹಾಕಿ ಮುಚ್ಯಾರ. ಅದರ ಹತ್ರ ಬಂದಾಗ...

ಚಪ್... ಚಪ್... ತೊಯ್ದ ಚಪ್ಪಲ್ ಸಪ್ಪಳ. ಇವ ನಿಂತ. ಅದೂ ನಿಂತಿತು. ಬಾವಿ ಒಣಗಿ ಎಷ್ಟೋ ವರ್ಷ ಆಗೇತಿ. ಮಳಿ ಅಂತೂ ಇಲ್ಲೇ ಇಲ್ಲ.

ಆಮ್ಯಾಲ... ಕರ್ರ್... ಕರ್ರ್... ಮೊಳಿಲೆ ಕಟ್ಟಿಗಿ ಕೊರದಂಗ. ಕಿವಿ ಹತ್ರ ಮಲ್ಲಪ್ಪನವರ ದನಿ. ಪಿಸುಮಾತು.

"ಎಷ್ಟು ಹೇಳಿದಿ?"

"ಅ... ಅರವತ್ತೈದು."

"ಗೆರಿ ತೋರಿಸಿದೇನು?"

ಇವ ಪುಟ್ಟಿ ಹತ್ತಿದ ಕೈ ಬೆನ್ನ ಹಿಂದ ಮುಚ್ಚಿಕೊಂಡ.

"ಹಂಗಾರ... ಗಂಗವ್ವ ಎಲ್ಲಿಗೆ ನಿಲ್ಲಬೇಕು?"

ಎದ್ದೆನೋ ಬಿದ್ದೆನೋ ಅಂತ ನಮ್ಮ ಮನಿಗೆ ಓಡಿ ಬಂದ. ಎಲ್ಲಾ ಒದರಿದ. ಗೆರಿ, ಪುಟ್ಟಿ, ಸುವರ್ಣಾ ಅವರಿಗೆ ಬರೇ ಐವತ್ತು ಲಕ್ಷ ಬರ್ತದ ಅಂತ ಹೇಳಿ ನಡುವಿನ ಹದಿನೈದು ತನ್ನ ಕಿಸೆದಾಗ ಹಾಕೊಳ್ಳಾಕ ನೋಡಿದ್ದು. ನಾ ಅವನ ಕೊರಳಪಟ್ಟಿ ಹಿಡದೆ.

"ಅವ್ವ ಆ ಖೋಲ್ಯಾಗ ಮಲಗ್ತಾಳ ಅಂತ ಗೊತ್ತಿತ್ತಲ್ಲೋ ನಿನಗ?"

ಅವ ಒಂದು ಗ್ಲಾಸ್ ನೀರು ಕುಡದ. ಆಮ್ಯಾಲ ಏನಂದ ಗೊತ್ತೇನ್ರಿ?

"ಐದು ಲಕ್ಷ ಬಿಡ್ತೀನಿ ಅಣ್ಣಾ. ಅರವತ್ತಕ್ಕ ತಗೋ."

ಸತ್ತವರಿಗೆ ಹೆದರಿದ, ನನ್ನ ಮುಂದ ನಾಚಲಿಲ್ಲ. ದೆವ್ವದಕಿಂತ ಅದೇ ನನಗ ಇನ್ನೂ ಚುಚ್ಚತೈತಿ.

ಮನಿ ನಾ ತಗೊಳ್ಳಲಿಲ್ಲ. ಆದ್ರ ಅವತ್ತು ರಾತ್ರಿ ಅವನ ಅಂಗಿ ನೋಡಿದೆ. ಎದಿ ತನಕ ತೊಯ್ದಿತ್ತು, ಮ್ಯಾಲ ಒಣಾ. ತೊಯ್ದದ್ದು ಮುಗಿದಲ್ಲಿ ಎದಿ ಸುತ್ತಲೂ ನೆಟ್ಟಗ ಒಂದು ಕೆಸರಿನ ಗೆರಿ. ಮುಂಜಾನೆ ಅವನ್ನ ಅದೇ ಅಂಗಿ ಮ್ಯಾಲ ಎಳಕೊಂಡು ಹೋಗಿ ಪುಟ್ಟಿ ಕೆರೆಸಿದೆ. ಚೌಕಟ್ಟಿಗೆ ಬೆನ್ನ ಹಚ್ಚಿ ನಿಲ್ಲಿಸಿದೆ. ನಾನೇ ಟೇಪ್ ಹಿಡಿದು ಅಳೆದೀನ್ರಿ, ಸುಳ್ಳು ಹೇಳಿ ನನಗೇನು ಆಗಬೇಕು?

ಮಲ್ಲಪ್ಪನವರ ಗೆರಿಕಿಂತ ಅಂಗಿ ಮ್ಯಾಲಿನ ಗೆರಿ ಒಂದು ಗೇಣು ಎತ್ತರ ಇತ್ತು.