ಕರೆಂಟಿಗೂ ಬಹುಮತ

ಕ್ವೀನ್ಸ್‌ಲ್ಯಾಂಡಿನ ವರೂಂಗದ ಬೇಕರಿ ಸಾಲಿನಲ್ಲಿ ನೊಲೀನಳ ಮುಂದೆ ಇಬ್ಬರಿದ್ದರು: ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಟದ ಕ್ಲಬ್ಬಿನ ಅಧ್ಯಕ್ಷ ಲೈಲ್, ಮೊನ್ನೆ ಗಂಡನನ್ನು ಕಳೆದುಕೊಂಡ ಡಲ್ಸಿ. ನಾಳೆ ಅವಳ ಗಂಡ ಕ್ಲೆಮ್‌ನನ್ನು ಮಣ್ಣು ಮಾಡಿದ ಮೇಲೆ ಕ್ಲಬ್ಬಿನಲ್ಲಿ ಎಲ್ಲರಿಗೂ ಟೀ, ಮಾಂಸ ತುಂಬಿದ ಬಿಸಿ ಪೈ. ನೊಲೀನ್ ಕಣ್ಣನ್ನು ಬನ್ನುಗಳ ಮೇಲಿಟ್ಟು ಕಿವಿಯನ್ನು ಮುಂದಕ್ಕೆ ಕಳಿಸಿದಳು.

"ಟೀ ಬಾಯ್ಲರು, ಪೈ ಓವನ್ನು ಎರಡೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹೋಗುತ್ತೆ, ಲೈಲ್."

"ಹೋಗಲ್ಲಮ್ಮ. ಹದಿನಾರು ಆಂಪಿಯರ್ ಫ್ಯೂಸು."

"ಬಾಯ್ಲರ್ ಒಂದೇ ಹತ್ತು ಎಳೆಯುತ್ತೆ. ಇನ್ನೂರ ಮೂವತ್ತು ವೋಲ್ಟಿಗೆ ಗುಣಿಸು, ಎರಡು ಸಾವಿರದ ಮುನ್ನೂರು ವಾಟ್. ಓವನ್ನಿನ ರೆಸಿಸ್ಟೆನ್ಸ್ ನಾನೇ ಅಳೆದೆ, ಇಪ್ಪತ್ಮೂರು ಓಮ್. ವೋಲ್ಟನ್ನ ಅದರಿಂದ ಭಾಗಿಸಿದ್ರೆ ಅದೂ ಹತ್ತೇ. ಒಟ್ಟು ಇಪ್ಪತ್ತು."

"ಐದು. ಸಮಿತೀಲಿ ತೀರ್ಮಾನ ಆಗಿದೆ."

"ಏನಂತ?"

"ಓವನ್ ಐದೇ ಆಂಪಿಯರ್ ಎಳೆಯುತ್ತೆ ಅಂತ. ಪರವಾಗಿ ಎಂಟು, ವಿರುದ್ಧ ಮೂರು."

"ತಂತಿಗೆ ತಿಳಿಸಿದ್ರಾ?"

ಲೈಲ್ ಭಾಷಣದ ದನಿ ತೆಗೆದ. "ಹೊಸ ಲೈನ್ ಎಳೆಸೋದಕ್ಕಿಂತ ಆಂಪಿಯರ್ ಇಳಿಸೋದೇ ಸುಲಭ ಅಂತ ಸಭೆಗೆ ಅನ್ನಿಸ್ತು. ಅನುಮೋದಿಸಿದ್ದೇ ನಿನ್ನ ಕ್ಲೆಮ್."

ಡಲ್ಸಿ ಪೂರ್ತಿ ಅವನತ್ತ ತಿರುಗಿದಳು.

"ಯಾಕಂತೆ?"

"ಸಭೆ ಮುಗಿದ್ರೆ ಪೈ ಕೊಡ್ತಾರಲ್ಲ, ಅದಕ್ಕೆ."

"ಹಾಗಾದ್ರೆ ನಾಳೆ ಪೈ ಬಿಸಿ ಇರ್ಲೇಬೇಕು. ಬಾಯ್ಲರ್ ಬೇಡ, ಟೀ ಬೇಡ."

"ಟೀ ಇಲ್ಲದ ಸಾವಾ? ಅದಕ್ಕೆ ಸಮಿತಿ ಕರೀಬೇಕು."

"ಕರಿ. ಎರಡನ್ನೂ ಹಾಕ್ಕೊಂಡೇ ಕೂತ್ಕೊಳ್ಳಿ. ಕತ್ತಲಲ್ಲಿ ಎತ್ತಿದ ಕೈ ಎಣಿಸೋರು ಯಾರು ಅಂತ ಮಾತ್ರ ಮೊದಲೇ ತೀರ್ಮಾನ ಮಾಡ್ಕೊಂಡಿರಿ."

ಪೈಗಳ ಪೆಟ್ಟಿಗೆ ಎತ್ತಿಕೊಂಡು ಡಲ್ಸಿ ಹೊರಟಳು. ಬಾಗಿಲು ತೆಗೆಯಲು ಅಧ್ಯಕ್ಷರು ಯಾರ ಅನುಮೋದನೆಗೂ ಕಾಯದೆ ಹಿಂದೆ ಓಡಿದರು.