ಅಯಸ್ಕಾಂತಕ್ಕೆ ಅಂಟಿದ್ದು

...ಇಲ್ಲ ಅಜ್ಜಿ, ಹಂಡೆ ಆಮೇಲೆ ನೋಡಿದರಾಯ್ತು, ಮೊದಲು ಕೂತ್ಕೋ. ಕಣ್ಣಿನ ಆಪರೇಷನ್ ಆಗಿ ಹತ್ತು ದಿನ ಆಗಿಲ್ಲ, ಬೆಳಿಗ್ಗೆಯಿಂದ ಪೊಲೀಸಿನವರ ಥರ ಅಂಗಳ ಪೂರ್ತಿ ಗಸ್ತು ತಿರುಗ್ತಿದ್ದೀಯ. ಹಂಡೆ ಓಡಿಹೋಗೋಕೆ ಅದಕ್ಕೇನು ಕಾ... ಅದಕ್ಕೇನು ಅವಸರ ಅಂದೆ. ಮೂಲೇಲಿ ಗೋಣಿ ಹೊದ್ದು ಮಲಗಿದೆ. ತೊಳೆದು ಎಣ್ಣೆ ಸವರಿದ್ದೀನಿ. ಈಗ ಗೋಣಿ ತೆಗೆದರೆ ಧೂಳು ಕೂರುತ್ತೆ.

ಮಾವ ಹತ್ತಕ್ಕೆ ಬರ್ತಾನಾ? ಒಡಿರಿಲೆ ಮಾವ ಹತ್ತು ಅಂದರೆ ಹನ್ನೆರಡು, ಹನ್ನೆರಡು ಅಂದರೆ ನಾಳೆ. ಶನಿವಾರ ಮಗಳ ಮದುವೆ, ಅಪ್ಪ ಭಾನುವಾರ ಬಂದು ಊಟಕ್ಕೇನಾದ್ರೂ ಉಳಿದಿದೆಯಾ ಅಂತ ಕೇಳ್ತಾನೆ, ನೋಡ್ತಿರು. ಹಂಡೆ ಒಯ್ಯೋಕೆ ಅವನು ಬರೋ ಹೊತ್ತಿಗೆ ನಾವು ಇನ್ನೊಂದು ನಿದ್ದೆ ಮಾಡಿ ಏಳಬಹುದು.

ಅದೇನು ಮಡಿಲಲ್ಲಿ, ಗಂಟು? ಗೆಣಸಾ? ...ಸರಿ ಬಿಡು, ಹೇಳಬೇಡ.

ನಾನು ಹೇಳ್ತಿದ್ದದ್ದು ಕೇಳು. ತಪ್ಪೆಲ್ಲ ಕೆನೈಲ್ವೆ ಚಿಕ್ಕಮ್ಮಂದು. ಭಾನುವಾರ ಗ್ಯಾಬರೋನ್ ಪಟ್ಟಣದಿಂದ ಕಾರಲ್ಲಿ ಬಂದಳಾ, ಉಗುರಿಗೆ ಬಣ್ಣ, ಕೈಯಲ್ಲಿ ಆ ಕಪ್ಪು ಗಾಜಿನ ಹಲಗೆ. ಮೇಜಿನ ಮೇಲಿಟ್ಟು ಪಾದ್ರಿಗಿಂತ ಉದ್ದ ಭಾಷಣ ಬಿಗಿದಳು. ಇಂಡಕ್ಷನ್ ಒಲೆ ಅಮ್ಮಾ, ಬೆಂಕಿ ಇಲ್ಲ, ಹೊಗೆ ಇಲ್ಲ, ಬೆರಳಿಟ್ಟರೆ ಸಾಕು ಅಂತ. ನಾವು ಬೆರಳಿಟ್ವಿ. ಅಲ್ಯೂಮಿನಿಯಂ ಪಾತ್ರೆ ಇಟ್ವಿ. ಒಲೆ ಕುಂಯ್ ಅಂತು. ಇನ್ನೊಂದು ಇಟ್ವಿ, ಮತ್ತೆ ಕುಂಯ್. ನಮ್ಮ ನಾಯಿ ಯಾರೋ ತನ್ನ ಮರೀನ ತುಳಿದರು ಅಂತ ಒಳಗೇ ಬಂದುಬಿಡ್ತು. ಅಷ್ಟು ಹೊತ್ತಿಗೆ ಚಿಕ್ಕಮ್ಮ ಕಾರು ತಿರುಗಿಸಿಯಾಗಿತ್ತು. ಕಿಟಕಿಯಿಂದ ತಲೆ ಹಾಕಿ, "ಅಯಸ್ಕಾಂತ ಅಂಟೋ ಪಾತ್ರೆ ಬೇಕು, ಅಷ್ಟೇ" ಅಂತ ಕೂಗಿ ಹೋದಳು. ಒಲೆ ತರೋಕೆ ನೆನಪಿತ್ತು, ಪಾತ್ರೆ ತರೋಕೆ ಇರಲಿಲ್ಲ. ಕತ್ತೆ ಕೊಡದೆ ಗಾಡಿ ಮಾತ್ರ ಕೊಟ್ಟು ಎಳ್ಕೊಂಡು ಹೋಗಿ ಅಂದ ಹಾಗೆ.

ನಿನಗೆ ನಗು. ಅಯಸ್ಕಾಂತ ಹುಡುಕಿದವಳು ನಾನು ತಾನೇ? ಚರ್ಚಿನ ಹಿಂದೆ ಬಿದ್ದಿದ್ದ ಕೆಟ್ಟ ಸ್ಪೀಕರ್ ಒಡೆದು ತೆಗೆದೆ. ಬೈಬೇಡ, ಅದು ನಿಮ್ಮ ಭಜನೆಗೆ ಹೆದರಿ ವರ್ಷದ ಹಿಂದೆಯೇ ಸತ್ತಿತ್ತು. ನನ್ನ ಅಂಗೈಯಷ್ಟು ಅಗಲ, ಎಂಥ ಹಿಡಿತ ಅಂತೀಯ... ಶಾಲೆ ಬಿಟ್ಟ ಹುಡುಗಿ ಅಂತ ಎಲ್ಲರೂ ಆಡಿಕೊಳ್ತಾರಲ್ಲ, ಈ ಬೀದಿ ಪಾತ್ರೆಗಳಿಗೆಲ್ಲ ಪರೀಕ್ಷೆ ಮಾಡಿ ಪಾಸು ಫೇಲು ಬರೆದವಳು ನಾನೇ. ನಮ್ಮ ಮನೇಲಿ ಹದಿನಾಲ್ಕಕ್ಕೆ ಹನ್ನೆರಡು ಫೇಲು. ಪಾಸಾದದ್ದು ಚಹಾದ ಕೆಟಲ್ ಒಂದು. ಇನ್ನೊಂದು... ಹೇಳಲಾ? ನಿನ್ನ ಮಂಚದ ಕೆಳಗೆ ರಾತ್ರಿ ಉಚ್ಚೆಗೆ ಅಂತ ಇಟ್ಕೊಳ್ತೀಯಲ್ಲ, ಆ ಬಿಳೀದು. ತಳ ಸಪಾಟು, ಮುಚ್ಚಳ ಬೇರೆ. ಒಲೆ ಒಂದು ಮಾತಾಡದೆ ಒಪ್ಪಿಕೊಳ್ತು. ನೂರಕ್ಕೆ ನೂರು.

ನೀನು ನಕ್ಕೆ, ನಕ್ಕೆ. ಕಣ್ಣಿನ ಪಟ್ಟಿ ಜಾರುತ್ತೆ, ಮೆಲ್ಲಗೆ ನಗು.

ಆಮೇಲೆ ಅಂಗಡಿಗೆ ಹೋದೆ, ಬಸ್ ನಿಲ್ದಾಣದ ಎದುರಿನದು. ಅಲ್ಲಿ ಹೊಳೆಯೋ ಹೊಳೆಯೋ ಸ್ಟೀಲು. ಎಲ್ಲಾ ಒಲೆಗೂ ಆಗುತ್ತೆ ಅಂತ ಚೀಟಿ ಅಂಟಿಸಿದ್ದಾರೆ. ಅಯಸ್ಕಾಂತ ಇಟ್ಟೆ, ಜಾರಿ ಕಾಲ ಮೇಲೆ ಬಿತ್ತು. ಆ ಅಂಗಡಿ ಹುಡುಗ ಇದ್ದಾನಲ್ಲ, ಟೈ ಕಟ್ಟಿಕೊಂಡು ಓಡಾಡೋನು, ನಿನ್ನ ಅಯಸ್ಕಾಂತದಲ್ಲಿ ಶಕ್ತಿ ಇಲ್ಲಮ್ಮ ಅಂದ. ಹೌದಾ ಅಣ್ಣ ಅಂದು ಅವನ ಸೊಂಟದ ಬೀಗದ ಕೈ ಗೊಂಚಲಿಗೆ ಹಿಡಿದೆ. ಗೊಂಚಲು ಸಮೇತ ರಸ್ತೆವರೆಗೂ ಬಂದುಬಿಟ್ಟೆ. ...ವಾಪಸ್ ಕೊಟ್ಟೆ ಅಜ್ಜಿ. ಅವನು ಹತ್ತು ನಿಮಿಷ ಗಲ್ಲಾಪೆಟ್ಟಿಗೆ ತೆಗೆಯೋಕಾಗದೆ ಕುಣಿದ ಮೇಲೆ.

ತೋರಿಸು ಅಂತೀಯಾ? ಅಯಸ್ಕಾಂತ ಈಗ ಯಾಕೆ? ಆಮೇಲೆ ತೋರಿಸ್ತೀನಿ. ಜೇಬು ಜೋತುಬಿದ್ದಿರೋದು ಅದರ ಭಾರಕ್ಕೇ. ಸ್ವೆಟರ್ ಹಳೇದು ನೋಡು.

ಕೊನೆಗೆ ಟೀಚರಮ್ಮನ ಮನೆಯಿಂದ ದಪ್ಪ ತಳದ ಪಾತ್ರೆ ಬೇಡಿ ತಂದೆ. ಅಯಸ್ಕಾಂತ ಅಂಟ್ತು, ಒಲೆ ಉರೀತು, ಜೋಳದ ಗಂಜಿ ಕುದೀತು. ನೀನೇನು ಮಾಡಿದೆ? ಒಂದು ಚಮಚ ಬಾಯಿಗಿಟ್ಟು, ಆಸ್ಪತ್ರೆ ವಾಸನೆ ಅಂದು ನಾಯಿಗೆ ಸುರಿದೆ. ನಾಯಿಯೂ ನಿನ್ನ ಮುಖ ನೋಡಿ ಅರ್ಧ ಬಿಟ್ಟಿತು, ಎರಡೂ ಒಂದೇ ಜಾತಿ. ಗಂಜಿ ಅಂದರೆ ನನ್ನ ಹಂಡೇಲಿ ಆದದ್ದು ಮಾತ್ರ ಅಂದೆ. ನಿನ್ನ ಅತ್ತೆ ಕೊಟ್ಟ ಹಂಡೆ, ಅದರ ಕಬ್ಬಿಣ ಕುಡಿದ ಗಂಜಿ, ಅದರ ಹುಳಿ... ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ.

ಮಾರನೇ ದಿನ, ಮಂಗಳವಾರ, ನಾನು ಎದ್ದು ಬಂದರೆ ನೀನು ಎಲ್ಲಿದ್ದೆ? ಸೌದೆ ಒಲೆ ಮುಂದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಿಂದ ನೀರು, ಮಧ್ಯೆ ನಿನ್ನ ಹಂಡೆ, ಸುತ್ತ ಹೊಗೆ. ಉಸ್ ಉಸ್ ಅಂತ ಊದ್ತಿದ್ದೀಯ. ನರ್ಸ್ ಏನಂದಿದ್ದಳು? ಒಂದು ತಿಂಗಳು ಹೊಗೆ ಸೋಕಿದರೆ ಆ ಕಣ್ಣು ಹೋಯ್ತು ಅಂದಿದ್ದಳು. ನಿನ್ನೆದುರಿಗೇ ಅಂದಿದ್ದಳು. ನೀನು ಹೂಂ ಹೂಂ ಅಂದಿದ್ದೆ.

ಹೌದು, ನೀನು ಮುಖ ತೊಳೆಯೋಕೆ ಎದ್ದಾಗ ಬೆಂಕಿಗೆ ನೀರು ಸುರಿದವಳು ನಾನೇ. ಕೋತಿಯಲ್ಲ, ನಾನೇ. ಕೋತಿ ಅಂತ ಸುಮ್ಮನೆ ಹೇಳಿದ್ದು.

ಆಮೇಲೆ ಏನು? ಆಮೇಲೇನಿಲ್ಲ. ನಿನ್ನ ಹಂಡೆಗೆ ಅಯಸ್ಕಾಂತ ಹಿಡಿದು ನೋಡಿದೆ. ಟಪ್ ಅಂತ ಕಚ್ಚಿಕೊಳ್ತು, ಈ ಊರಲ್ಲಿ ಯಾವ ಪಾತ್ರೆಗೂ ಹಾಗೆ ಕಚ್ಚಿರಲಿಲ್ಲ. ನನಗೆ ಎಷ್ಟು ಖುಷಿ ಆಯ್ತು ಅಂದರೆ... ಎತ್ತಿ ಒಲೆ ಮೇಲಿಟ್ಟೆ. ಕುಂಯ್. ಯಾಕೆ ಅಂತ ಬಗ್ಗಿ ನೋಡಿದರೆ ಗಾಜಿಗೂ ಹಂಡೆ ಹೊಟ್ಟೆಗೂ ನಡುವೆ ನಾಲ್ಕು ಬೆರಳು ಜಾಗ. ಮೂರು ಕಾಲಿನ ಮೇಲೆ ಮಹಾರಾಣಿ ಥರ ನಿಂತಿದೆ. ಒಲೆಗೆ ತಳ ತಾಗಬೇಕಂತೆ, ಇವಳು ತಾಗಿಸೋಲ್ಲ. ಹೊಂದಲಿಲ್ಲ ಅಷ್ಟೇ. ಕತೆ ಮುಗೀತು. ಟೀಚರಮ್ಮನ ಥರದ್ದೇ ಒಂದು ಕೊಂಡುಕೊಳ್ಳೋಣ, ನಾಲ್ಕು ದಿನ ಉಂಡರೆ ನಾಲಗೆ ಒಗ್ಗಿಕೊಳ್ಳುತ್ತೆ.

ಯಾಕೆ ಹಾಗೆ ನೋಡ್ತೀಯ?

ಎರಡು ದಿನದಿಂದ ನಿನಗೆ ಬ್ರೆಡ್ಡು ಚಹಾ ಕೊಡ್ತಿರೋದು... ಅದು ಕಣ್ಣಿಗೆ ಒಳ್ಳೇದು ಅಂತ. ಹಂಡೆ ಒಣಗ್ತಿದೆ ಅಂದೆನಲ್ಲ. ಕಬ್ಬಿಣ ಒಣಗೋಕೆ ಹೊತ್ತು ಬೇಕು.

ತಿರೊ? ವೆಲ್ಡಿಂಗ್ ತಿರೊ? ಅವನ ಶೆಡ್ಡಲ್ಲಿ ಮಂಗಳವಾರ ಕಿಡಿ ಹಾರಿದ್ದು ನಿನಗೆ ಒಂದೇ ಕಣ್ಣಲ್ಲಿ ಕಾಣಿಸ್ತಾ? ಆಪರೇಷನ್ ಮಾಡಿದ ಡಾಕ್ಟರಿಗೆ ಒಂದು ಕೋಳಿ ಕೊಡಬೇಕು. ಯಾರದೋ ಗೇಟು ಕೊಯ್ತಿದ್ದ. ನಾನು ನೋಡೋಕೆ ಹೋಗಿದ್ದೆ.

ನನಗನ್ನಿಸೋದು ಏನಂದರೆ, ಮಾವನಿಗೆ ಈ ಸಲ ಹಂಡೆ ಕೊಡಬೇಡ. ಯಾಕೆ ಅಂದರೆ... ಆ ಗಂಡಸರು ಮದುವೆ ಮಾಂಸ ಬೇಯಿಸ್ತಾರಾ? ಬೆಳಗಿನ ಜಾವದಿಂದ ಹಂಡೆ ಸುತ್ತ ಕೂತು ರಾಜಕೀಯ ಬೇಯಿಸ್ತಾರೆ. ಮಾಂಸ ತಾನಾಗೇ ಬೆಂದುಕೊಳ್ಳುತ್ತೆ. ಆಮೇಲೆ ಬೆಂದ ಮಾಂಸ ಎಳೆ ಎಳೆ ಬಿಡೋ ಹಾಗೆ ಒನಕೆ ಹಿಡಿದು ನಾಲ್ಕು ಏಟು ಕುಟ್ಟಿ, ಇಡೀ ಮದುವೆ ನಾವೇ ಮಾಡಿದ್ದು ಅಂತ ಹೊಟ್ಟೆ ಸವರಿಕೊಳ್ತಾರೆ. ಬೇರೆ ಯಾರ ಹಂಡೆಯಾದ್ರೂ ತರಲಿ. ನಮ್ಮ ಕಾನ್ಯೆ ಊರಲ್ಲಿ ಹಂಡೆಗೇನು ಬರವಾ? ಗೊತ್ತು, ಮೂರು ತಲೆಮಾರಿನ ಮದುವೆಗೆ, ಸಾವಿಗೆ ಇದೇ ಹೋಗಿರೋದು. ಅಮ್ಮನ ಮದುವೆಗೂ ಇದೇ. ಅಮ್ಮನ ಮಣ್ಣಿಗೂ ಇದೇ. ಗೊತ್ತು ಅಜ್ಜಿ. ನನ್ನ ಮದುವೆಗೂ ಇದೇ ಅಂತ ನೀನು ಹೇಳಿದ್ದು, ಆಮೇಲೆ ನನಗೇ ಕೊಡ್ತೀನಿ ಅಂದದ್ದು... ಅದೂ ನೆನಪಿದೆ.

 

ಗಂಟು ಯಾಕೆ ಬಿಚ್ತಿದ್ದೀಯ? ನನಗೆ ಗೆಣಸು ಬೇಡ, ಹಸಿವಿಲ್ಲ.

...

ಬೂದಿ ಗುಂಡೀಲಿ ಸಿಕ್ತಾ?

ಕಂಠದ ತನಕ ಬೂದಿ ಮುಚ್ಚಿದ್ದೆ, ನಾಯಿ ಕೆದರಿತಾ? ಆ ನಾಯಿಗೆ ಇನ್ನು ನನ್ನ ಕೈಯಿಂದ ಒಂದು ಮೂಳೆ ಸಿಗಲ್ಲ. ...ಹಾಗೆ ನೆಲದ ಮೇಲೆ ನಿಲ್ಲಿಸಬೇಡ ಅಜ್ಜಿ. ಎರಡು ಕಾಲನ್ನೂ ನಿಲ್ಲಿಸಿ ಮೂರನೇದಕ್ಕೆ ಜಾಗ ಬಿಟ್ಟಿದ್ದೀಯ, ನೋಡೋಕಾಗಲ್ಲ.

ಕಾಲು ತೆಗೆದರೆ ಕೂತ್ಕೊಳ್ಳುತ್ತೆ ಅಂದುಕೊಂಡಿದ್ದೆ. ತಿರೊ ಬೇಡ ಅಂದ, ನಾನೇ ಅಜ್ಜಿ ಹೇಳಿದ್ದಾಳೆ ಅಂತ ಸುಳ್ಳು ಹೇಳಿದೆ. ನಿನ್ನ ಹಂಡೇಲೇ ಗಂಜಿ, ಹೊಗೆ ಇಲ್ಲ, ಎರಡೂ ಆಗುತ್ತಲ್ಲ ಅಂತ. ಮನೆಗೆ ತಂದು ಒಲೆ ಮೇಲಿಟ್ಟೆ. ಹೊಟ್ಟೆ ದುಂಡಗೆ ನೋಡು, ತೊಟ್ಟಿಲ ಥರ ಆ ಕಡೆ ಈ ಕಡೆ ತೂಗ್ತು. ಒಲೆ ಮತ್ತೆ ಕುಂಯ್ ಅಂತು. ಈಗ ಅದು ಈ ಒಲೆಗೂ ಇಲ್ಲ, ಸೌದೆ ಮೇಲೂ ನಿಲ್ಲೋಲ್ಲ.

ಹೇಗಿದ್ರೂ ನನಗೇ ಬರೋದಲ್ವಾ, ನನ್ನದನ್ನ ನಾನೇ... ಇಲ್ಲ. ತಮಾಷೆ ಮಾಡ್ತಿಲ್ಲ. ಆಗಲಿಂದ ನಗಬೇಡ ನಗಬೇಡ ಅಂತಿದ್ದೆ, ಈಗ ಒಂದ್ಸಲ ನಗು ಅಜ್ಜಿ. ಇಲ್ಲಾಂದ್ರೆ ಬೈ. ಕೋಲು ನಿನ್ನ ಪಕ್ಕದಲ್ಲೇ ಇದೆ.

ಅದು ಮಾವನ ಹಾರ್ನು. ಗಂಟೆ ಹತ್ತು. ಹುಟ್ಟಿದಾಗಿನಿಂದ ಒಂದು ದಿನ ಹೊತ್ತಿಗೆ ಸರಿಯಾಗಿ ಬರದವನು ಇವತ್ತು ಬರಬೇಕಾ?

ಕೈ ಯಾಕೆ ಚಾಚಿದ್ದೀಯ? ಅಯಸ್ಕಾಂತಾನಾ?

...ತಗೋ. ಹ್ಞೂ, ಮೂರನೇ ಕಾಲು ಅದಕ್ಕೇ ಅಂಟಿಕೊಂಡಿದೆ. ಮಂಗಳವಾರದಿಂದ ಬಿಡಿಸೋಕೆ ನೋಡ್ತಿದ್ದೀನಿ, ಬರ್ತಿಲ್ಲ, ಉಗುರು ಕಿತ್ತುಹೋಯ್ತು. ನೀನು ಆ ತುದಿ ಗಟ್ಟಿಯಾಗಿ ಹಿಡ್ಕೋ, ನಾನು ಈ ಕಡೆಯಿಂದ ಎಳೀತೀನಿ.